ಅಪ್ಪಯ್ಯನ ಅಂಬಾಸಿಡರ್‌ಗೆ ಅದರದೇ ಸ್ವಿಚ್ಚು

ಹಳೆಯ ಗಾಡಿಗಳ ವೈರಿಂಗ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಅಪ್ಪಯ್ಯ 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ನಮ್ಮ ಮನೆಯಲ್ಲಿದೆ. ಅವರು ತೀರಿಕೊಂಡ ಮೇಲೆ ಎಂಟು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ಎಂಜಿನ್ ಕೆಲಸ ಮುಗಿದು ಓಡುತ್ತಿದೆ. ಆದರೆ ಡ್ಯಾಶ್‌ಬೋರ್ಡ್ ನೋಡಿದರೆ ಸಂಕಟವಾಗುತ್ತದೆ. ಎಂದೋ ಒಬ್ಬ ಮೆಕ್ಯಾನಿಕ್ ಲೈಟಿನ ಸ್ವಿಚ್ಚನ್ನೂ ವೈಪರ್ ಸ್ವಿಚ್ಚನ್ನೂ ಕಿತ್ತು, ತೂತು ದೊಡ್ಡದು ಮಾಡಿ, ಪಂಪ್‌ಸೆಟ್ಟಿನ ಬೋರ್ಡಿಗೆ ಹಾಕುವಂಥ ಎರಡು ಸ್ವಿಚ್ಚು ಕೂರಿಸಿದ್ದಾನೆ. ಹಳೆಯ ಲೈಟ್ ಸ್ವಿಚ್ಚು ಅಪ್ಪಯ್ಯನ ಟೂಲ್ ಡಬ್ಬಿಯಲ್ಲಿ ಸಿಕ್ಕಿತು. ಹಸಿರು ಕಟ್ಟಿದೆ, ಎಳೆದರೆ ಅಲುಗುವುದಿಲ್ಲ. ವೈಪರಿನದು ಸಿಗಲೇ ಇಲ್ಲ. ಅಂಗಡಿಯವರು ಯಾವ ಗಾಡಿಗಾದರೂ ಆಗುತ್ತದೆ ಎಂದು ಹೊಸ ಪ್ಲಾಸ್ಟಿಕ್ ಸ್ವಿಚ್ಚು ಕೊಟ್ಟಿದ್ದಾರೆ, ಹಾಕಲು ಮನಸ್ಸಿಲ್ಲ. ಹಳೆಯದನ್ನು ಉಳಿಸಬಹುದೇ? ಇಲ್ಲದ್ದನ್ನು ಎಲ್ಲಿಂದ ತರಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಪ್ಲಾಸ್ಟಿಕ್ ಸ್ವಿಚ್ಚನ್ನು ಅಂಗಡಿಗೆ ವಾಪಸ್ ಕೊಟ್ಟುಬಿಡಿ. ಟೂಲ್ ಡಬ್ಬಿಯಲ್ಲಿ ಸಿಕ್ಕಿದೆಯಲ್ಲ, ಅದು ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಅದಕ್ಕೆ ಕಿಲುಬು ಹಿಡಿದಿದೆ, ಅಷ್ಟೆ. ನಿಮ್ಮ ಕಡೆಯ ಮಳೆಯಲ್ಲಿ ಹಿತ್ತಾಳೆಯ ದೀಪವೇ ಹದಿನೈದು ದಿನ ಬೆಳಗದಿದ್ದರೆ ಬಣ್ಣ ಕೆಡುತ್ತದೆ. ಇದು ಎಷ್ಟು ಮಳೆಗಾಲ ಡಬ್ಬಿಯೊಳಗೆ ಕಳೆದಿದೆಯೋ.

ನಮ್ಮ ತಂದೆ ಹಾಸನದ ಬಿ.ಎಂ. ರಸ್ತೆಯಲ್ಲಿ ಬ್ಯಾಟರಿ, ವೈರಿಂಗ್ ಅಂಗಡಿ ಇಟ್ಟಿದ್ದರು. ನಾನು ಸ್ಕೂಲಿನಿಂದ ಬಂದವಳೇ ಅಲ್ಲಿಗೆ ಹೋಗುತ್ತಿದ್ದೆ. ಅಂಬಾಸಿಡರ್ ಡ್ಯಾಶ್‌ಬೋರ್ಡಿನ ಹಿಂದೆ ದೊಡ್ಡವರ ಕೈ ಹೋಗುವುದು ಕಷ್ಟ. ಹುಡುಗಿಯ ಕೈ ಸಣ್ಣದೆಂದು, ನಟ್ಟು ಹಿಡಿದುಕೊಳ್ಳಲು ಅಪ್ಪ ನನ್ನನ್ನೇ ಕರೆಯುತ್ತಿದ್ದರು. ಹಾಗೆ ನಟ್ಟು ಹಿಡಿಯುತ್ತ ಹಿಡಿಯುತ್ತ ಕೆಲಸ ಕಲಿತೆ. ಅಪ್ಪ ಆ ಕಾಲದಲ್ಲಿ ಹೊಸ ಸ್ವಿಚ್ಚು ಮಾರಿದ್ದಕ್ಕಿಂತ ಹಳೆಯದನ್ನು ಬಿಚ್ಚಿ ತೊಳೆದು ಕೂಡಿಸಿ ಕೊಟ್ಟದ್ದೇ ಹೆಚ್ಚು.

ಬಿಚ್ಚುವ ವಿಷಯಕ್ಕೆ ಬರುತ್ತೇನೆ, ಅದಕ್ಕೆ ಮುಂಚೆ ಒಂದು ಮಾತು. ಬ್ಯಾಟರಿಯಿಂದ ಗಾಡಿಯ ತಗಡಿಗೆ ಹೋಗುವ ಅರ್ತ್ ಕೇಬಲ್ ತೆಗೆಯದೆ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಬೇಡಿ. ನನಗೆ ಹದಿನಾರು ವರ್ಷವಿದ್ದಾಗ, ಒಂದು ನಿಮಿಷದ ಕೆಲಸ ಎಂದುಕೊಂಡು ಕೇಬಲ್ ತೆಗೆಯದೆ ಕೈ ಹಾಕಿದೆ. ಕೈಯಲ್ಲಿ ಬೆಳ್ಳಿ ಬಳೆ ಇತ್ತು. ಅದರ ಒಂದು ಕಡೆ ಕಂದು ವೈರಿನ ಟರ್ಮಿನಲ್‌ಗೆ ತಾಗಿತು, ಇನ್ನೊಂದು ಕಡೆ ತಗಡಿಗೆ. ಬಳೆ ಕೆಂಪಗೆ ಕಾದದ್ದು ಕಣ್ಣಿಗೆ ಕಾಣುವಷ್ಟರಲ್ಲಿ ಚರ್ಮ ಸುಟ್ಟಿತ್ತು. ಮಣಿಕಟ್ಟಿನಲ್ಲಿ ಆ ಗುರುತು ಇವತ್ತಿಗೂ ಇದೆ. ಹನ್ನೆರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು, ಮತ್ತು ಈ ಗಾಡಿಗಳಲ್ಲಿ ಬ್ಯಾಟರಿಯಿಂದ ನೇರ ಬರುವ ಕಂದು ವೈರಿಗೆ ಫ್ಯೂಸ್ ಇರುವುದಿಲ್ಲ. ಉಂಗುರ, ಬಳೆ, ವಾಚು ಎಲ್ಲ ತೆಗೆದಿಟ್ಟೇ ಕೂರಿ.

ಈಗ ಸ್ವಿಚ್ಚು. ಎಳೆಯುವ ಮಾದರಿಯ ಲೈಟ್ ಸ್ವಿಚ್ಚಿನ ನಾಬನ್ನು ತಿರುಗಿಸಿ ಕೀಳಲು ಹೋಗಬೇಡಿ. ನಾಬಿನ ಕೆಳಮೈಯನ್ನು ಬೆರಳಿನಿಂದ ಸವರಿ, ಒಂದು ಸಣ್ಣ ತೂತು ಸಿಗುತ್ತದೆಯೋ ನೋಡಿ. ಸಿಕ್ಕರೆ ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಚಿಕ್ಕ ಪಿನ್ ಇರುತ್ತದೆ. ಗೋಣಿ ಹೊಲಿಯುವ ದಬ್ಬಣದ ತುದಿಯಿಂದ ಒತ್ತಿ ಹಿಡಿದು ಎಳೆದರೆ ನಾಬು ನಯವಾಗಿ ಈಚೆ ಬರುತ್ತದೆ. ಆಮೇಲೆ ಕಾಣುವುದು ಎರಡು ಗೀರು ಇರುವ ದುಂಡನೆಯ ನಟ್ಟು. ಅದಕ್ಕೆ ಪ್ಲೇಯರ್ ಹಾಕಿದರೆ ಕ್ರೋಮ್ ಹಾಳಾಗುತ್ತದೆ, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದರೆ ಗೀರು ಕಿತ್ತುಬರುತ್ತದೆ. ಅಪ್ಪ ಹಳೇ ಗರಗಸದ ಬ್ಲೇಡ್ ಒಂದನ್ನು ಎರಡು ಹಲ್ಲಿನ ಫೋರ್ಕಿನಂತೆ ಅರದಲ್ಲಿ ಉಜ್ಜಿಟ್ಟುಕೊಂಡಿದ್ದರು. ಹತ್ತು ನಿಮಿಷದ ಕೆಲಸ, ನೀವೂ ಒಂದು ಮಾಡಿಕೊಳ್ಳಿ. ನಿಮ್ಮ ಸ್ವಿಚ್ಚು ಈಗಾಗಲೇ ಗಾಡಿಯಿಂದ ಹೊರಗಿದೆ, ಸರಿ. ಆದರೆ ವೈಪರಿನದನ್ನು ಗುಜರಿಯಲ್ಲಿ ಬಿಚ್ಚಬೇಕಾಗುತ್ತದೆ, ಆಗ ಇದೇ ಬೇಕು.

ಜಾಮ್ ಆದ ಸ್ವಿಚ್ಚನ್ನು ಬಲವಂತವಾಗಿ ಎಳೆಯಬೇಡಿ. ಕಡ್ಡಿ ಕಬ್ಬಿಣದ್ದು, ಅದನ್ನು ಹಿಡಿದಿರುವುದು ಬೇಕಲೈಟ್ ಎಂಬ ಹಳೆಯ ಕಾಲದ ಗಡುಸು ಪ್ಲಾಸ್ಟಿಕ್, ಬೇಕಲೈಟ್ ಬಗ್ಗುವುದಿಲ್ಲ, ಸೀಳುತ್ತದೆ. ಕಡ್ಡಿ ಒಳಹೋಗುವ ಜಾಗಕ್ಕೆ ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಿಕ್ ಭಾಗ ತೊಳೆಯುವ ದ್ರವ) ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಒಳಕ್ಕೆ ಹೊರಕ್ಕೆ ಮೆಲ್ಲನೆ ಅಲುಗಾಡಿಸಿ. ಬಾರದಿದ್ದರೆ ಇನ್ನೊಂದು ರಾತ್ರಿ. ಮೂರನೆಯ ದಿನಕ್ಕೆ ಬಾರದ ಸ್ವಿಚ್ಚು ನನ್ನ ಕೈಗೆ ಬಂದದ್ದು ಕಡಿಮೆ.

ಅಲುಗಾಡಿದ ಮೇಲೆ ಬಿಚ್ಚಬೇಕು. ಹಿಂದಿನ ತಗಡಿನ ಕಿವಿಗಳನ್ನು ಬೇಕಲೈಟಿನ ಮೇಲೆ ಮಡಚಿರುತ್ತಾರೆ. ಒಂದೊಂದು ಕಿವಿಯನ್ನೂ ಒಂದೇ ಸಲ ಎತ್ತಬೇಕು, ಅದೂ ಬೇಕಾದಷ್ಟೇ. ಎತ್ತಿ ಮಡಚಿ, ಎತ್ತಿ ಮಡಚಿ ಮಾಡಿದರೆ ಮೂರನೆಯ ಸಲಕ್ಕೆ ಮುರಿಯುತ್ತದೆ. ಒಳಗೆ ಸ್ಪ್ರಿಂಗು, ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡು ಇರಬಹುದು. ಮುಚ್ಚಳ ತೆಗೆದ ಕೂಡಲೇ ಹಾರುತ್ತವೆ. ಹಾಗಾಗಿ ಮೊರದಲ್ಲಿ ಬಿಳಿ ಪಂಚೆ ಹಾಸಿಕೊಂಡು, ಅದರ ನಡುವೆ ಇಟ್ಟು ಬಿಚ್ಚಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆಂದೇ ಒಂದು ಮೊರ ಬೇರೆ ಇತ್ತು, ಅಮ್ಮ ಅದನ್ನು ಅಕ್ಕಿಗೆ ಮುಟ್ಟಿಸುತ್ತಿರಲಿಲ್ಲ. ಹಂತ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಮಗೆ ಆಗ ಆ ಅನುಕೂಲ ಇರಲಿಲ್ಲ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬರೆದುಕೊಳ್ಳುತ್ತಿದ್ದೆವು.

ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಬೆಳಗುವುದು ಹೇಗೆಂದು ನಿಮ್ಮ ಮನೆಯ ಹೆಂಗಸರಿಗೆ ಹೇಳಿಕೊಡಬೇಕಿಲ್ಲ, ಹುಣಸೆಹಣ್ಣು ಸಾಕು. ಆದರೆ ಎರಡು ಎಚ್ಚರಿಕೆ. ಬಿಡಿ ಪಟ್ಟಿಗೆ ಮಾತ್ರ ಹುಣಸೆಹುಳಿ, ಬೇಕಲೈಟಿಗೆ ಅಂಟಿಕೊಂಡಿರುವ ಪಟ್ಟಿಗೆ ಬೇಡ. ಹುಳಿ ರಿವಿಟ್ಟಿನ ಸಂದಿಯಲ್ಲಿ ಉಳಿದರೆ ಆರು ತಿಂಗಳಿಗೆ ಮತ್ತೆ ಕಿಲುಬು ಬರುತ್ತದೆ. ಬೆಳಗಿದ ಮೇಲೆ ಚೆನ್ನಾಗಿ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಎರಡನೆಯದು, ಪಟ್ಟಿ ಪಟ್ಟಿಗೆ ತಾಗುವ ಆ ಚುಕ್ಕೆಯಷ್ಟು ಜಾಗಕ್ಕೆ ಅರ ಹಾಕಬೇಡಿ. ಕೆಲವು ಸ್ವಿಚ್ಚುಗಳಲ್ಲಿ ಅಲ್ಲಿ ತೆಳುವಾದ ಬೆಳ್ಳಿಯ ಲೇಪ ಇರುತ್ತದೆ, ಅದು ಹೋದರೆ ಸ್ವಿಚ್ಚೇ ಹೋದಂತೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಕಪ್ಪು ಕಲೆ ಹೋಗದಿದ್ದರೆ ಸಾವಿರ ನಂಬರಿನ ಎಮರಿ ಪೇಪರಿನಿಂದ ಒಂದೆರಡು ಸಲ ಸವರಿದರೆ ಸಾಕು. ಸ್ಪ್ರಿಂಗು ಸೋತಿದ್ದರೆ ಒಂದಿಷ್ಟು ಹಿಗ್ಗಿಸಿ. ಕೂಡಿಸುವಾಗ ಜಾರುವ ಜಾಗಕ್ಕೆ ಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ವ್ಯಾಸಲೀನ್ ಹಚ್ಚಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ.

ನಾಬಿನ ಮೇಲೆ ಕೊರೆದ ಅಕ್ಷರ ಮಾಸಿದ್ದರೆ ಬಿಳಿ ಎನಾಮಲ್ ಬಣ್ಣವನ್ನು ಗೀರಿನೊಳಗೆ ತುಂಬಿ, ಹೆಚ್ಚಾದದ್ದನ್ನು ಹಳೇ ಮದುವೆ ಕಾರ್ಡಿನ ಅಂಚಿನಿಂದ ಒಂದೇ ಸಲ ಎಳೆದು ತೆಗೆಯಿರಿ. ಬಟ್ಟೆಯಿಂದ ಒರೆಸಿದರೆ ಗೀರಿನೊಳಗಿನದೂ ಬಂದುಬಿಡುತ್ತದೆ.

ಇನ್ನು ವೈಪರ್ ಸ್ವಿಚ್ಚು. ಮೊದಲು ನಿಮ್ಮ ಮನೆಯನ್ನೇ ಇನ್ನೊಮ್ಮೆ ಹುಡುಕಿ. ಒಂದನ್ನು ಎತ್ತಿಟ್ಟವರು ಎರಡನೆಯದನ್ನು ಎಸೆದಿರುವುದಿಲ್ಲ. ಬಿಸ್ಕತ್ ಡಬ್ಬ, ಮೊಳೆ ಡಬ್ಬ, ಕೊಟ್ಟಿಗೆಯ ಅಟ್ಟ, ಗಾಡಿಯ ಡಿಕ್ಕಿಯಲ್ಲಿ ಸ್ಟೆಪ್ನಿಯ ಅಡಿ, ಎಲ್ಲ ಕಡೆ ನೋಡಿ. ಆಮೇಲೆ ನಿಮ್ಮ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಹಿರಿಯರ ಮನೆಗಳಿಗೆ ಹೋಗಿ ಕೇಳಿ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಅಲ್ಲಿಯತನಕ ಟ್ಯಾಕ್ಸಿಯವರು ಬಿಡಿಭಾಗ ಕೂಡಿಟ್ಟುಕೊಂಡೇ ಬದುಕಿದ್ದಾರೆ.

ಅಲ್ಲಿ ಸಿಗದಿದ್ದರೆ ಗುಜರಿ. ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳು. ಚೆನ್ನೈಗೆ ಹೋಗುವವರಿದ್ದರೆ ಪುದುಪೇಟೆ. ಅಂಬಾಸಿಡರ್ ಹುಟ್ಟಿದ್ದೇ ಬಂಗಾಳದಲ್ಲಿ, ಹಾಗಾಗಿ ಕೋಲ್ಕತ್ತದ ಮಲ್ಲಿಕ್ ಬಜಾರಿನಲ್ಲಿ ಯಾರಾದರೂ ಪರಿಚಯದವರಿದ್ದರೆ ಫೋಟೊ ಕಳಿಸಿ ಕೇಳಿಸಿ. ಇನ್ನೊಂದು ದಾರಿಯೂ ಇದೆ. ಈ ಗಾಡಿಯ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಅದರ ಮೂರನೆಯ ಸೀರೀಸ್. ಅಲ್ಲಿ ಅದೇ ಕಂಪನಿಯ ಮಾರಿಸ್ ಮೈನರ್ ಗಾಡಿಗಳಿಗೆ ಇವತ್ತಿಗೂ ಬಿಡಿಭಾಗ ಮಾರುವವರಿದ್ದಾರೆ. ಅಲ್ಲಿನ ವಿದ್ಯುತ್ ಬಿಡಿಭಾಗಗಳ ಕಂಪನಿ ಲೂಕಾಸ್‌ನ ಮಾದರಿಯ ಸ್ವಿಚ್ಚುಗಳು ಹಲವು ಗಾಡಿಗಳಿಗೆ ಹಂಚಿಕೆಯಾಗಿದ್ದವು. ನಿಮ್ಮ ಬಂಧುಗಳು ಯಾರಾದರೂ ಅಲ್ಲಿದ್ದರೆ ತರಿಸಬಹುದು. ಆದರೆ ಕತ್ತಿನ ಅಗಲ, ಹಿಂದಿನ ಟರ್ಮಿನಲ್ ಎಷ್ಟು, ಎಳೆಯುವುದೋ ತಿರುಗಿಸುವುದೋ ಎಲ್ಲ ಅಳತೆ ಹೋಲಿಸಿದ ಮೇಲೆ ದುಡ್ಡು ಕಟ್ಟಿ. ಅಂಬಾಸಿಡರ್‌ನಲ್ಲೇ ಮಾರ್ಕ್‌ನಿಂದ ಮಾರ್ಕ್‌ಗೆ ಸ್ವಿಚ್ಚು ಬದಲಾಗಿದೆ. ಮಾರ್ಕ್ 4ರದ್ದನ್ನು ತಂದು ನಿಮ್ಮದಕ್ಕೆ ಕೂರಿಸಲು ಹೋದರೆ ಮತ್ತೆ ತೂತು ಕೊರೆಯಬೇಕಾಗಬಹುದು. ಅದು ಬೇಡ.

ಪೊಲೀಸ್ ಠಾಣೆಗಳ ಆವರಣದಲ್ಲಿ ತುಕ್ಕು ಹಿಡಿಯುತ್ತ ನಿಂತ ಗಾಡಿಗಳನ್ನು ತೋರಿಸಿ, ಅದರಿಂದ ಬಿಚ್ಚಿಸಿ ಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಅವು ಕೇಸಿನ ಗಾಡಿಗಳು, ಇನ್ನೊಬ್ಬರ ಸೊತ್ತು. ಹರಾಜಿನಲ್ಲಿ ಕೊಂಡವರಿಂದ, ಗುಜರಿಯವರಿಂದ ರಸೀದಿ ಪಡೆದು ತನ್ನಿ.

ಗುಜರಿಯಲ್ಲಿ ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಅವರು ಸ್ವಿಚ್ಚಿಗೆ ಕೈ ಹಾಕಿ ಮುಂದಕ್ಕೆ ಎಳೆಯುತ್ತಾರೆ, ಹಿಂದಿನ ವೈರುಗಳು ಟರ್ಮಿನಲ್ ಸಮೇತ ಕಿತ್ತುಬರುತ್ತವೆ. ಸೀಟಿನ ಮೇಲೆ ಬೆನ್ನು ಹಾಕಿ ಮಲಗಿ, ತಲೆಯನ್ನು ಪೆಡಲ್ ಕಡೆ ಮಾಡಿ, ಕೆಳಗಿನಿಂದ ನೋಡಿ. ವೈರನ್ನು ಟರ್ಮಿನಲ್ ಹತ್ತಿರ ಕತ್ತರಿಸಬೇಡಿ, ಒಂದು ಗೇಣುದ್ದ ಬಾಲ ಬಿಟ್ಟು ಕತ್ತರಿಸಿ. ಯಾವ ಬಣ್ಣದ ವೈರು ಯಾವ ಟರ್ಮಿನಲ್‌ಗೆ ಹೋಗಿದೆ ಎಂಬುದಕ್ಕೆ ಆ ಬಾಲವೇ ಸಾಕ್ಷಿ. ಮನೆಗೆ ಬಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ನಾಬು, ದುಂಡು ನಟ್ಟು, ಅದರ ಹಿಂದಿನ ಹಲ್ಲಿನ ವಾಷರ್, ಒಂದನ್ನೂ ಬಿಡಬೇಡಿ. ಸ್ವಿಚ್ಚು ಸಿಕ್ಕೀತು, ಆ ನಟ್ಟು ಮಾತ್ರ ಎಲ್ಲೂ ಸಿಗುವುದಿಲ್ಲ. ಅಲ್ಲಿ ಎರಡು ಗಾಡಿ ನಿಂತಿದ್ದರೆ ಎರಡರದ್ದೂ ತನ್ನಿ, ಎರಡು ಸೇರಿ ಒಂದು ಒಳ್ಳೆಯದಾಗುತ್ತದೆ. ದುಡ್ಡು ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿದು ಪ್ರತಿ ಹಂತದಲ್ಲೂ ಕನೆಕ್ಷನ್ ಬರುತ್ತಿದೆಯೋ ನೋಡಿ. ಮೂಗಿನ ಹತ್ತಿರ ಹಿಡಿದೂ ನೋಡಿ. ಒಳಗೆ ಕಾದು ಸುಟ್ಟ ಸ್ವಿಚ್ಚಿಗೆ ಮೀನಿನಂಥ ವಾಸನೆ ಉಳಿದಿರುತ್ತದೆ, ಬೇಕಲೈಟಿನಲ್ಲಿ ಕೂದಲೆಳೆಯಂಥ ಸೀಳು ಕಾಣುತ್ತದೆ. ಅಂಥದ್ದು ಬಿಟ್ಟಿ ಕೊಟ್ಟರೂ ಬಿಡಿಭಾಗಕ್ಕೆ ಮಾತ್ರ.

ಕೂರಿಸುವಾಗ ಎದುರಾಗುವ ಮೊದಲ ಕಷ್ಟ ನಿಮ್ಮ ಮೆಕ್ಯಾನಿಕ್ ದೊಡ್ಡದು ಮಾಡಿದ ತೂತು. ದೊಡ್ಡ ವಾಷರ್ ಹಾಕಿ ಮುಚ್ಚಬೇಡಿ, ಮುಂದಿನಿಂದ ಅದು ಕಾಣುತ್ತದೆ. ಪ್ಯಾನೆಲ್ ಬಿಚ್ಚಿ, ಹಿಂದಿನಿಂದ ತೆಳು ತಗಡಿನ ಬಿಲ್ಲೆಯನ್ನು ಬೆಸುಗೆ ಹಾಕಿಸಿ, ಮುಂದೆ ಸಮ ಮಾಡಿ, ಸರಿಯಾದ ಅಳತೆಗೆ ಮತ್ತೆ ಕೊರೆಸಿ. ಸ್ವಿಚ್ಚಿನ ಕತ್ತಿನ ಒಂದು ಬದಿ ಚಪ್ಪಟೆ ಇದ್ದರೆ ತೂತಿಗೂ ಆ ಚಪ್ಪಟೆ ಬೇಕು. ಇಲ್ಲದಿದ್ದರೆ ವರ್ಷ ಕಳೆಯುವುದರಲ್ಲಿ ಸ್ವಿಚ್ಚು ತಿರುಗಿ ಹಿಂದಿನ ವೈರನ್ನು ಹಿಂಡುತ್ತದೆ. ಒಳ್ಳೆಯ ತಗಡು ಕೆಲಸದವರಿಗೆ ಇದು ಅರ್ಧ ದಿನದ ಕೆಲಸ.

ವೈರಿನ ಬಣ್ಣಗಳನ್ನು ಅಪ್ಪ ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಕಂದು ಬ್ಯಾಟರಿಯಿಂದ ನೇರ, ಸದಾ ಜೀವಂತ. ಬಿಳಿಗೆ ಜೀವ ಬರುವುದು ಕೀಲಿ ತಿರುಗಿಸಿದರೆ. ಹಸಿರು ಕೀಲಿ ತಿರುಗಿಸಿ ಫ್ಯೂಸ್ ದಾಟಿ ಬಂದದ್ದು, ನೇರಳೆ ಕೀಲಿ ಇಲ್ಲದೆಯೇ ಫ್ಯೂಸ್ ದಾಟಿ ಬಂದದ್ದು. ಕೆಂಪು ಪಾರ್ಕಿಂಗ್ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ. ಕಪ್ಪು ಅರ್ತ್. ಇದು ಲೂಕಾಸ್ ಸಂಪ್ರದಾಯ. ಲೈಟ್ ಸ್ವಿಚ್ಚಿಗೆ ಕಂದು ಒಳಗೆ ಬಂದು, ಮೊದಲ ಹಂತಕ್ಕೆ ಕೆಂಪೂ ಎರಡನೆಯ ಹಂತಕ್ಕೆ ನೀಲಿಯೂ ಹೊರಗೆ ಹೋಗುತ್ತವೆ. ಆ ನೀಲಿ ಇಳಿದುಹೋಗುವುದು ನಿಮ್ಮ ಎಡಗಾಲಿನ ಹತ್ತಿರ ನೆಲದಲ್ಲಿರುವ ಡಿಪ್ ಸ್ವಿಚ್ಚಿಗೆ. ಅಲ್ಲಿಂದ ನೀಲಿ-ಬಿಳಿ ಹೈಬೀಮಿಗೆ, ನೀಲಿ-ಕೆಂಪು ಲೋಬೀಮಿಗೆ. ಐವತ್ತು ವರ್ಷದ ಗಾಡಿಯಲ್ಲಿ ಎಲ್ಲ ವೈರೂ ಮಣ್ಣಿನ ಬಣ್ಣವೇ. ಟೇಪ್ ಸುತ್ತಿದ ಜಾಗದಲ್ಲಿ ಒಂದಿಂಚು ಬಿಚ್ಚಿ ಒರೆಸಿದರೆ ಹುಟ್ಟಿನ ಬಣ್ಣ ಕಾಣುತ್ತದೆ. ಅಷ್ಟಾದರೂ ಬಣ್ಣವನ್ನೇ ನಂಬಬೇಡಿ. ನಡುವೆ ಎಷ್ಟು ಜನ ಕೈ ಹಾಕಿದ್ದಾರೋ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದನ್ನೂ ನೋಡಿ. ಬ್ಯಾಟರಿಯ ಯಾವ ತುದಿ ಬಾಡಿಯ ತಗಡಿಗೆ ಹೋಗಿದೆ ಎಂಬುದನ್ನೂ ಮೊದಲೇ ಗಮನಿಸಿ. ಆ ಕಾಲದ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪ್ಲಸ್ ತುದಿಯನ್ನು ಅರ್ತ್ ಮಾಡುವ ಪದ್ಧತಿ ಇತ್ತು. ಸ್ವಿಚ್ಚಿಗೆ ಅದರಿಂದ ತೊಂದರೆ ಇಲ್ಲ, ನೀವು ಮುಂದೆ ಹಾಕುವ ರೇಡಿಯೊ ಸುಡುತ್ತದೆ.

ವೈಪರ್ ಸ್ವಿಚ್ಚಿನ ವಿಷಯದಲ್ಲಿ ಒಂದು ಗುಟ್ಟು. ಈ ಸಂಪ್ರದಾಯದ ಒಂದೇ ವೇಗದ ವೈಪರ್ ಮೋಟರಿಗೆ ಹಸಿರು ವೈರು ನೇರ ಮೋಟರಿಗೇ ಹೋಗಿ, ಸ್ವಿಚ್ಚು ಅರ್ತ್ ಕಡೆ ಕೂರುವುದುಂಟು. ಅಂದರೆ ಸ್ವಿಚ್ಚು ಎಳೆದಾಗ ಅದು ಕರೆಂಟ್ ಕೊಡುವುದಿಲ್ಲ, ಮೋಟರನ್ನು ಬಾಡಿಯ ತಗಡಿಗೆ ಸೇರಿಸುತ್ತದೆ. ಇದು ಗೊತ್ತಿಲ್ಲದವರು ಸ್ವಿಚ್ಚಿಗೆ ಲೈವ್ ತಂದುಕೊಟ್ಟು ಫ್ಯೂಸ್ ಮೇಲೆ ಫ್ಯೂಸ್ ಹಾರಿಸಿ, ಕೊನೆಗೆ ಸ್ವಿಚ್ಚೇ ಸರಿಯಿಲ್ಲ ಎಂದು ಕಿತ್ತೆಸೆಯುತ್ತಾರೆ. ನಿಮ್ಮ ಗಾಡಿಯಲ್ಲಿ ಆದದ್ದೂ ಇದೇ ಇರಬಹುದೆಂದು ನನ್ನ ಊಹೆ. ಮೋಟರಿನಿಂದ ಬರುವ ವೈರನ್ನು ಪರೀಕ್ಷಿಸಿಯೇ ಮುಂದುವರಿಯಿರಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಕೆಲಸ. ಹಳೆಯ ಲೈಟ್ ಸ್ವಿಚ್ಚನ್ನು ಹಾಗೆಯೇ ಹಾಕಿ ಹೆಡ್‌ಲೈಟಿನ ಪೂರ್ತಿ ಭಾರ ಅದರ ತಲೆಯ ಮೇಲೆ ಹೊರಿಸಬೇಡಿ. ಈಗಿನ ಹ್ಯಾಲೊಜನ್ ಬಲ್ಬು ಹೈಬೀಮಿನಲ್ಲಿ 60 ವ್ಯಾಟ್. ಎರಡಕ್ಕೆ 120, ಹನ್ನೆರಡು ವೋಲ್ಟಿಗೆ 10 ಆಂಪಿಯರ್. ಆ ಹತ್ತು ಆಂಪಿಯರ್ ನಿಮ್ಮ ಕಡಲೆಬೀಜದಷ್ಟು ಹಿತ್ತಾಳೆಯ ಚುಕ್ಕೆಯನ್ನು ದಾಟಿ ಹೋಗಬೇಕು, ಫ್ಯೂಸ್ ಕೂಡ ಇಲ್ಲದೆ. ಏಕೆಂದರೆ ಈ ಮೂಲದ ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿನಲ್ಲಿ ಇರುವುದೇ ಎರಡು ಫ್ಯೂಸು, ಹೆಡ್‌ಲೈಟ್ ಎರಡಕ್ಕೂ ಸೇರಿಲ್ಲ. ಒಮ್ಮೆ ಶಿರಾಡಿ ಘಾಟಿಯಲ್ಲಿ ರಾತ್ರಿ ಲೈಟು ಆರಿಹೋದ ಟ್ಯಾಕ್ಸಿಯೊಂದು ಬೆಳಗಿನ ಜಾವ ನಮ್ಮ ಅಂಗಡಿಗೆ ಬಂತು. ಲಾರಿಯೊಂದರ ಹಿಂಬದಿಯ ದೀಪ ನೋಡಿಕೊಂಡು ಘಾಟಿ ಹತ್ತಿದ್ದೆ ಎಂದು ಡ್ರೈವರ್ ಹೇಳುವಾಗ ಅವರ ಕೈ ಇನ್ನೂ ನಡುಗುತ್ತಿತ್ತು. ಬಲ್ಬು ಚೆನ್ನಾಗಿತ್ತು, ಬ್ಯಾಟರಿ ಚೆನ್ನಾಗಿತ್ತು. ಸ್ವಿಚ್ಚಿನೊಳಗಿನ ಚುಕ್ಕೆ ಕರಗಿತ್ತು.

ಹಾಗಾಗಿ ಎರಡು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸ್ವಿಚ್ಚು, ಹಾಕಿಸಿ, ಹೈಬೀಮಿಗೊಂದು, ಲೋಬೀಮಿಗೊಂದು. ಡಿಪ್ ಸ್ವಿಚ್ಚಿನಿಂದ ಬರುವ ನೀಲಿ-ಬಿಳಿ ಒಂದು ರಿಲೇಯ 86 ನಂಬರಿನ ಕಾಲಿಗೆ, ನೀಲಿ-ಕೆಂಪು ಇನ್ನೊಂದರ 86ಕ್ಕೆ. ಎರಡರ 85 ಬಾಡಿಯ ತಗಡಿಗೆ. ಬ್ಯಾಟರಿಯಿಂದ ಎರಡೂವರೆ ಚದರ ಮಿಲಿಮೀಟರಿನ ಹೊಸ ವೈರು, ನಡುವೆ 15 ಆಂಪಿಯರ್ ಫ್ಯೂಸು ಹಾಕಿ 30ಕ್ಕೆ. 87ರಿಂದ ಬಲ್ಬಿಗೆ. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಇಡಿ. ರಿಲೇಯನ್ನು ಎಳೆಯಲು ಒಂದು ಆಂಪಿಯರಿನ ಕಾಲು ಭಾಗವೂ ಬೇಡ. ನಿಮ್ಮ ಹಳೆಯ ಸ್ವಿಚ್ಚಿಗೆ ಉಳಿಯುವುದು ಆ ಚೂರು ಮತ್ತು ಪಾರ್ಕಿಂಗ್ ದೀಪಗಳ ಎರಡು ಆಂಪಿಯರ್. ಇನ್ನೊಂದು ಲಾಭವೂ ಇದೆ. ಹಳೆಯ ಸ್ವಿಚ್ಚು, ಹಳೆಯ ವೈರು ದಾಟುವಾಗ ವೋಲ್ಟೇಜ್ ಹತ್ತು ಪರ್ಸೆಂಟ್ ಬಿದ್ದರೆ ಬಲ್ಬಿನ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಬೀಳುತ್ತದೆ. ರಿಲೇ ಹಾಕಿದ ದಿನ ರಾತ್ರಿ ಆಗುಂಬೆ ರಸ್ತೆಯಲ್ಲಿ ಓಡಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. ರಿಲೇಗಳನ್ನು ಮುಂದಿನ ಜಾಲರಿಯ ಹಿಂದೆ, ನೀರು ಬೀಳದ ಕಡೆ ಅಡಗಿಸಿಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಏನೂ ಬದಲಾಗುವುದಿಲ್ಲ. ನಾಳೆ ಬೇಡವೆಂದರೆ ಬಿಚ್ಚಿದರೆ ಗಾಡಿ ಮೊದಲಿನಂತೆಯೇ.

ಡಿಪ್ ಸ್ವಿಚ್ಚನ್ನೂ ಇದೇ ಸಲ ಬಿಚ್ಚಿ ತೊಳೆಯಿರಿ. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರೆಲ್ಲ ಅದರ ಮೇಲೇ ಇಳಿಯುವುದು. ಎಲ್ಲ ಮುಗಿದ ಮೇಲೆ ಪಾರ್ಕಿಂಗ್ ದೀಪ ಹಾಕಿ, ಸ್ವಿಚ್ಚಿನ ಒಳಬರುವ, ಹೊರಹೋಗುವ ಟರ್ಮಿನಲ್‌ಗಳಿಗೆ ಮೀಟರಿನ ಎರಡು ಕಡ್ಡಿ ಇಟ್ಟು ನೋಡಿ. 0.2 ವೋಲ್ಟಿಗಿಂತ ಕಡಿಮೆ ಬಂದರೆ ನೀವು ಚೆನ್ನಾಗಿ ಬೆಳಗಿದ್ದೀರಿ ಎಂದರ್ಥ.

ಪ್ರಶ್ನೆ: ನನ್ನದು 1970ರ ಗಾಡಿ. ವಿಂಟೇಜ್ ಎಂದು ನೋಂದಣಿ ಮಾಡಿಸಬೇಕೆಂದಿದ್ದೇನೆ. ಡ್ಯಾಶ್‌ಬೋರ್ಡಿನ ಸ್ವಿಚ್ಚುಗಳು ಮೂಲದ್ದಲ್ಲದಿದ್ದರೆ ತಿರಸ್ಕರಿಸುತ್ತಾರೆಯೇ?
— ಓದುಗರು, ಮೈಸೂರು

ಉತ್ತರ: ನಿಯಮ ನೋಡುವುದು ದೊಡ್ಡ ಬದಲಾವಣೆಗಳನ್ನು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ಭಾರಿ ಮಾರ್ಪಾಡು ಆಗದ ಗಾಡಿ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಆಮೇಲೆ ಮರುನೋಂದಣಿಗೆ 5,000. ಈಗಾಗಲೇ ನಂಬರ್ ಇರುವ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಒಂದು ಯೋಚಿಸಿ. ವಿಂಟೇಜ್ ಆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಗೆ ಹೋಗಿ ಬರಬಹುದು. ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯಲ್ಲೇ ಇಟ್ಟುಕೊಳ್ಳಿ. ಸ್ವಿಚ್ಚು ಮೂಲದ್ದೇ ಬೇಕೆಂಬುದು ಕಾನೂನಿಗಾಗಿ ಅಲ್ಲ, ನಿಮ್ಮ ಬೆರಳಿಗಾಗಿ.

ಪ್ರಶ್ನೆ: ನಮ್ಮ ಪದ್ಮಿನಿ ಕಾರಿನ ಇಂಡಿಕೇಟರ್‌ಗಳಿಗೆಲ್ಲ ಎಲ್‌ಇಡಿ ಬಲ್ಬು ಹಾಕಿಸಿದೆ. ಈಗ ಮಿನುಗುವುದಿಲ್ಲ, ಸುಮ್ಮನೆ ಉರಿಯುತ್ತದೆ. ಸ್ವಿಚ್ಚು ಕೆಟ್ಟಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸ್ವಿಚ್ಚು ಸರಿಯಾಗಿಯೇ ಇದೆ, ದಯವಿಟ್ಟು ಬಿಚ್ಚಿಸಬೇಡಿ. ಹಳೆಯ ಫ್ಲ್ಯಾಷರ್ ಬಿಸಿಯಾಗಿ ತಣ್ಣಗಾಗಿ ಮಿನುಗಿಸುತ್ತದೆ. ಅದು ಕಾಯಲು ಒಂದು ಬದಿಗೆ 21 ವ್ಯಾಟಿನ ಎರಡು ಬಲ್ಬಿನ ಕರೆಂಟು, ಅಂದರೆ ಮೂರೂವರೆ ಆಂಪಿಯರ್ ಬೇಕು. ಎಲ್‌ಇಡಿ ಅಷ್ಟು ಎಳೆಯುವುದಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿಸಿ, ಇಲ್ಲವೇ ಹಳೆಯ ಬಲ್ಬಿಗೇ ಮರಳಿ. ನಾನಾದರೆ ಮರಳುತ್ತೇನೆ, ಆ ಫ್ಲ್ಯಾಷರ್ ಟಿಕ್ ಟಿಕ್ ಎನ್ನುವುದು ಕೇಳದೆ ಪದ್ಮಿನಿ ಓಡಿಸಲು ನನಗೆ ಆಗುವುದಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮ ಮಾವನವರು ಬಿಡಿಭಾಗದ ಅಂಗಡಿ ನಡೆಸುತ್ತಿದ್ದರು. ಮುಚ್ಚಿ ಬಹಳ ವರ್ಷವಾಯಿತು. ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ತುಂಬ ಹಳೆಯ ಗಾಡಿಗಳ ಸ್ವಿಚ್ಚುಗಳಿವೆ. ಗುಜರಿಯವರು ಹಿತ್ತಾಳೆ ತೂಕಕ್ಕೆ ಕೇಳುತ್ತಿದ್ದಾರೆ. ಕೊಡಲೇ?
— ಓದುಗರು, ಪುತ್ತೂರು

ಉತ್ತರ: ಕೊಡಬೇಡಿ ತಂಗಿ. ಬಿಚ್ಚಿ ತೂಗಿದರೆ ಪೆಟ್ಟಿಗೆಯಿಂದ ಎರಡು ಕೆ.ಜಿ. ಹಿತ್ತಾಳೆ ಬಂದರೆ ಹೆಚ್ಚು. ಅದರೊಳಗಿನ ಒಂದೊಂದು ಸ್ವಿಚ್ಚಿಗೂ ಎಲ್ಲೋ ಒಂದು ಗಾಡಿ ಕಾಯುತ್ತಿರುತ್ತದೆ. ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಪೊಟ್ಟಣದ ಮೇಲೆ ಬರೆದ ನಂಬರನ್ನು ಅಳಿಸದೆ, ಎಳೆಯುವುದು, ಮೇಲೆ ಕೆಳಗೆ ಮಾಡುವುದು, ತಿರುಗಿಸುವುದು ಎಂದು ಮೂರು ಗುಂಪು ಮಾಡಿ. ಹಿಂಬದಿಯಲ್ಲಿ ಲೂಕಾಸ್ ಎಂದು ಅಚ್ಚಾಗಿದೆಯೇ ನೋಡಿ. ಇಂಗ್ಲೆಂಡಿನಲ್ಲಿ ತಯಾರಾದವಾದರೆ ತಿಂಗಳು, ವರ್ಷ ಕೂಡ ಸಣ್ಣದಾಗಿ ಕೊರೆದಿರುವುದುಂಟು. ಪ್ರತಿಯೊಂದರ ಮುಂಬದಿ, ಹಿಂಬದಿ ಫೋಟೊ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಪತ್ರಿಕೆಯ ವಿಳಾಸಕ್ಕೆ ಕಳಿಸಿಕೊಡಿ. ಅಂಬಾಸಿಡರ್ ಮಾರ್ಕ್ 2ರ ವೈಪರ್ ಸ್ವಿಚ್ಚು ಇದ್ದರೆ ಮೊದಲು ಅದರ ಫೋಟೊ ಕಳಿಸಿ, ತೀರ್ಥಹಳ್ಳಿಗೆ ನಾನೇ ತಿಳಿಸುತ್ತೇನೆ. ನಟ್ಟು, ನಾಬು ಜೊತೆಗಿದೆಯೇ ಎಂದು ಬರೆಯಲು ಮರೆಯಬೇಡಿ.